ಓನರ್ ಮಾಡಿಸಿದ ಇಬಿಟಿ ಸ್ವೈಪ್‌ಗೆ ತಮ್ಮನ ಮೇಲೆ ಕೇಸ್ ಆಗುತ್ತಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಅಮೆರಿಕದಲ್ಲಿರೋರು, ಅದ್ರಲ್ಲೂ ಇಲ್ಲಿನ ಕಾನೂನು ಗೊತ್ತಿರೋರು ದಯವಿಟ್ಟು ಹೇಳಿ. ನನ್ನ ತಮ್ಮ ಒಂದು ಸಣ್ಣ ಗ್ರೋಸರಿ ಅಂಗಡೀಲಿ ಕ್ಯಾಶ್ ಕೌಂಟರಲ್ಲಿ ಕೆಲ್ಸ ಮಾಡ್ತಾನೆ, ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಅಲ್ಲ. ಕೆಲವರು ಇಬಿಟಿ ಕಾರ್ಡ್ (ಕಮ್ಮಿ ಆದಾಯದೋರಿಗೆ ಊಟದ ಸಾಮಾನಿಗೆ ಸರ್ಕಾರ ದುಡ್ಡು ಹಾಕೋ ಕಾರ್ಡ್) ತಂದು, ಸಾಮಾನೇನೂ ತಗೊಳ್ದೆ, 100 ಡಾಲರ್ ಸ್ವೈಪ್ ಮಾಡ್ಸಿ 50 ಕ್ಯಾಶ್ ಇಸ್ಕೊಂಡು ಹೋಗ್ತಿದ್ರಂತೆ, ಹಾಗೇ ಕೊಡು ಅಂತ ಓನರ್ರೇ ವಾಟ್ಸಾಪಲ್ಲಿ ಹೇಳ್ತಿದ್ರಂತೆ, ಇವನಿಗೆ ಸಂಬಳ ಬಿಟ್ರೆ ಒಂದು ಪೈಸೆ ಸಿಕ್ಕಿಲ್ಲ. ಈಗ ಯುಎಸ್‌ಡಿಎಯಿಂದ (ಆ ಯೋಜನೆ ನೋಡ್ಕೊಳೋ ಅಮೆರಿಕದ ಕೃಷಿ ಇಲಾಖೆ) ಅಂಗಡಿಗೆ ಲೆಟರ್ ಬಂದಿದೆ. ಏಜೆಂಟ್ಸ್ ಬಂದು ತಮ್ಮನ ಹತ್ರ ಮಾತಾಡ್ಬೇಕು ಅಂತ ಫೋನ್ ನಂಬರ್ ಕೊಟ್ಟು ಹೋಗಿದಾರೆ. ಓನರ್ ಹೇಳೋದು, "ನಾನೇ ಮಾಡ್ದೆ ಅಂತ ಬರ್ಕೊಟ್ಬಿಡು, ಬರೀ ಫೈನ್ ಬೀಳುತ್ತೆ, ನಮ್ಮ ಲಾಯರ್ ನೋಡ್ಕೋತಾರೆ" ಅಂತ. ಮನೇಲಿ ಯಾರಿಗೂ ನಿದ್ದೆ ಇಲ್ಲ.

ಉತ್ತರ 1:
ಅಕ್ಕ, ಮೊದಲು ಆ ಪೇಪರಿಗೆ ಸೈನ್ ಹಾಕ್ಬೇಡ ಅಂತ ತಮ್ಮಂಗೆ ಈಗ್ಲೇ ಹೇಳಿ. ಓನರ್ ಲಾಯರ್ ಓನರ್‌ನ ಉಳಿಸೋಕೆ ಇರೋದು, ನಿಮ್ಮ ತಮ್ಮನ್ನ ಅಲ್ಲ.

ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಆ ಲೆಟರ್ ಅಂಗಡಿ ಲೈಸೆನ್ಸಿನದು, ಅದಕ್ಕೆ 10 ದಿನದೊಳಗೆ ಉತ್ತರ ಕೊಡ್ಬೇಕು, ಟ್ರಾಫಿಕಿಂಗ್ (ಅಂದ್ರೆ ಹೀಗೆ ಕಾರ್ಡಿನ ದುಡ್ಡಿಗೆ ಕ್ಯಾಶ್ ಕೊಡೋದು) ಅಂತ ತೀರ್ಮಾನ ಆದ್ರೆ ಮೊದಲನೇ ಸಲಕ್ಕೇ ಅಂಗಡೀನ ಸ್ನ್ಯಾಪಿಂದ (ಈ ಇಬಿಟಿ ಊಟದ ಯೋಜನೆಯ ಹೆಸರು) ಶಾಶ್ವತವಾಗಿ ತೆಗೀಬಹುದು. ಅದು ಓನರ್ ತಲೆನೋವು. ಕ್ರಿಮಿನಲ್ ಕೇಸ್ ಬೇರೆ, ಅದು ಕೌಂಟರಲ್ಲಿ ನಿಂತೋನ ಮೇಲೂ ಬರಬಹುದು. ಫೆಡರಲ್ ಕಾನೂನಲ್ಲಿ ಮೊತ್ತ 100 ಡಾಲರಿಗಿಂತ ಕಮ್ಮಿ ಇದ್ರೆ ಮಿಸ್‌ಡಿಮೀನರ್ (ಸಣ್ಣ ಅಪರಾಧ), 100 ಅಥವಾ ಜಾಸ್ತಿ ಇದ್ರೆ ಫೆಲನಿ (ಗಂಭೀರ ಅಪರಾಧ), 5 ವರ್ಷದವರೆಗೂ ಜೈಲು, 5,000 ಡಾಲರ್ ಮುಟ್ಟಿದ್ರೆ 20 ವರ್ಷದವರೆಗೂ ಹೋಗುತ್ತೆ. ಇದು ಗರಿಷ್ಠ ಶಿಕ್ಷೆ ಅಷ್ಟೇ, ಎಲ್ರಿಗೂ ಅಷ್ಟು ಹಾಕಲ್ಲ, ಆದ್ರೆ "ಬರೀ ಫೈನ್" ಅನ್ನೋದು ಸುಳ್ಳು.

ಉತ್ತರ 2:
ಮೇಲಿನೋರು ಹೇಳಿದ್ದಕ್ಕೆ ಸೇರಿಸ್ತೀನಿ. ಗ್ರೀನ್ ಕಾರ್ಡ್ ಇರೋರಿಗೆ ಜೈಲಿಗಿಂತ ದೊಡ್ಡ ಭಯ ಡಿಪೋರ್ಟೇಶನ್. ಫ್ರಾಡ್ ಕೇಸಲ್ಲಿ ನಷ್ಟ 10,000 ಡಾಲರ್ ಮೀರಿದೆ ಅಂತ ಆದ್ರೆ ಇಮಿಗ್ರೇಶನ್ ಲೆಕ್ಕದಲ್ಲಿ ಅದು ಅಗ್ರವೇಟೆಡ್ ಫೆಲನಿ (ಡಿಪೋರ್ಟ್ ಮಾಡೋಕೆ ಕಾರಣ ಆಗೋ ಅತಿ ಗಂಭೀರ ಅಪರಾಧ), ಆಮೇಲೆ ಉಳ್ಕೊಳೋ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೇನೆ. ಅದಕ್ಕಿಂತ ಕಮ್ಮಿ ಇದ್ರೂ ತೊಂದ್ರೆ ಬರಬಹುದು. ಹಾಗಾಗಿ ಪ್ಲೀ ಅಗ್ರಿಮೆಂಟಲ್ಲಿ (ತಪ್ಪೊಪ್ಕೊಳೋ ಒಪ್ಪಂದ) ನಷ್ಟ ಎಷ್ಟು ಅಂತ ಬರೀತಾರೋ ಆ ಸಾಲು ತುಂಬಾ ಮುಖ್ಯ. ಇಡೀ ಅಂಗಡಿ ಲೆಕ್ಕಾನ ಇವನ ತಲೆಗೆ ಕಟ್ಟೋಕೆ ಬಿಡ್ಬೇಡಿ. ತಪ್ಪೊಪ್ಕೊಂಡ್ರೆ ಡಿಪೋರ್ಟ್ ಆಗೋ ಅಪಾಯ ಇದೆ ಅಂತ ಕ್ರಿಮಿನಲ್ ಲಾಯರ್ ಮೊದಲೇ ಹೇಳಲೇಬೇಕು ಅಂತ 2010ರ ಪಡಿಲ್ಲಾ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕ್ರಿಮಿನಲ್ ಲಾಯರ್, ಇಮಿಗ್ರೇಶನ್ ಲಾಯರ್ ಇಬ್ರನ್ನೂ ಒಟ್ಟಿಗೆ ಕೇಳಿ.

ಏಜೆಂಟ್ ಫೋನ್ ಮಾಡಿದ್ರೆ "ಲಾಯರ್ ಇಲ್ದೆ ಮಾತಾಡಲ್ಲ" ಅಂದ್ರೆ ಸಾಕು, ಅದು ಅವನ ಹಕ್ಕು. ಗಾಬರೀಲಿ ಸುಳ್ಳು ಮಾತ್ರ ಹೇಳೋದು ಬೇಡ, ಫೆಡರಲ್ ಏಜೆಂಟ್‌ಗೆ ಸುಳ್ಳು ಹೇಳೋದೇ ಬೇರೆ ಅಪರಾಧ.

ಉತ್ತರ 3:
ನಾನು ಸ್ವಲ್ಪ ಖಾರವಾಗೇ ಹೇಳ್ತೀನಿ, ಬೇಜಾರಾಗ್ಬೇಡಿ. ಅದು ಮಕ್ಕಳ ಊಟದ ದುಡ್ಡು. ಸ್ನ್ಯಾಪಲ್ಲಿ ಡಯಾಪರ್ ಬರಲ್ಲ, ಸೋಪ್ ಬರಲ್ಲ, ಔಷಧಿ ಬರಲ್ಲ, ಬಾಡಿಗೆ ಕಟ್ಟೋಕೂ ಆಗಲ್ಲ, ಆ ಕಷ್ಟಕ್ಕೆ ಒಬ್ಬ ತಾಯಿ ಕಾರ್ಡ್ ಕೊಟ್ಟಾಗ ಅರ್ಧ ನುಂಗೋನು ಓನರ್. ಸಿಕ್ಕಿಬಿದ್ರೆ ಆಯಮ್ಮಂಗೂ ಮೊದಲನೇ ಸಲಕ್ಕೆ ಒಂದು ವರ್ಷ ಸ್ನ್ಯಾಪ್ ಕಟ್, 500 ಡಾಲರ್ ಅಥವಾ ಜಾಸ್ತಿ ಟ್ರಾಫಿಕಿಂಗ್ ಅಂತ ಕೋರ್ಟಲ್ಲಿ ಶಿಕ್ಷೆ ಆದ್ರೆ ಜೀವನಪೂರ್ತಿ ಕಟ್. ನಿಮ್ಮ ತಮ್ಮ ಗೊತ್ತಿದ್ದೂ ಸ್ವೈಪ್ ಮಾಡಿದ್ರೆ ಅವನದೂ ಪಾಲಿದೆ. ಆದ್ರೆ ಓನರ್ ಪಾಪಾನೂ ಇವನೇ ಹೊರೋದು ಅನ್ಯಾಯ.

ಪ್ರಶ್ನೆ ಕೇಳಿದವರು:
ಬೇಜಾರೇನಿಲ್ಲ, ನೀವು ಹೇಳಿದ್ದು ಸರಿ, ತಮ್ಮಂಗೂ ಓದಿ ಹೇಳ್ದೆ. ಸೈನ್ ಹಾಕಿಲ್ಲ, ನಾಳೆ ಲಾಯರ್ ಹತ್ರ ಹೋಗ್ತಿದೀವಿ. ಆದ್ರೆ ಇವತ್ತು ಓನರ್ ಮತ್ತೆ ಫೋನ್ ಮಾಡಿ ಆ ವಾಟ್ಸಾಪ್ ಮೆಸೇಜೆಲ್ಲ ಡಿಲೀಟ್ ಮಾಡು ಅಂತಿದಾರೆ?

ಉತ್ತರ 2:
ಒಂದನ್ನೂ ಡಿಲೀಟ್ ಮಾಡ್ಬೇಡಿ ಅಕ್ಕ! ಸಾಕ್ಷಿ ಅಳಿಸಿದ ಅಂತ ಇನ್ನೊಂದು ಕೇಸ್ ಆಗುತ್ತೆ, ಮೇಲಾಗಿ ಓನರ್ ಹೇಳಿ ಮಾಡ್ಸಿದ್ದು ಅನ್ನೋಕೆ ನಿಮ್ಮ ಕೈಲಿರೋದು ಅದೊಂದೇ. ಫೋನ್ ಹಂಗೇ ತಗೊಂಡೋಗಿ ಲಾಯರ್‌ಗೆ ತೋರ್ಸಿ. ಇವತ್ತಿನ ಕಾಲ್ ಎಷ್ಟೊತ್ತಿಗೆ ಬಂತು, ಏನಂದ್ರು ಅಂತಾನೂ ಬರ್ದಿಟ್ಕೊಳಿ.