ಗ್ರಾನೈಟ್ ಬಿರುಕಿನಲ್ಲಿ ಟ್ರೇಸರ್ ಮಾದರಿ: ಬಾಲ ಬರುತ್ತಿಲ್ಲ, ಸಾಂದ್ರತೆ ಮೈನಸ್ ಆಗುತ್ತಿದೆ

ಪ್ರಶ್ನೆ:
ನಮಸ್ಕಾರ. ಗ್ರಾನೈಟ್‌ನ ಒಂದೇ ಬಿರುಕಿನಲ್ಲಿ ಬ್ರೋಮೈಡ್ (ನೀರಿನ ಹಾದಿ ತಿಳಿಯಲು ಬೆರೆಸುವ ಟ್ರೇಸರ್) ಹೇಗೆ ಸಾಗುತ್ತದೆ ಅಂತ ಅಂತರ್ಜಲದ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡ್‌ಫ್ಲೋ 6ರಲ್ಲಿ ನೋಡುತ್ತಿದ್ದೇನೆ. ಬಿರುಕಿನ ಅಗಲ 0.2 ಮಿ.ಮೀ., ಇದು ಪಂಪಿಂಗ್ ಟೆಸ್ಟ್‌ನಿಂದ ತೆಗೆದದ್ದು. ನೀರಿನ ವೇಗ ದಿನಕ್ಕೆ 10 ಮೀ., ದೂರ 40 ಮೀ. ಡಿಸ್ಪರ್ಸಿವಿಟಿ (ಸಾಗುವಾಗ ಟ್ರೇಸರ್ ಎಷ್ಟು ಚದುರುತ್ತದೆ ಅನ್ನುವ ಅಳತೆ) 0.5 ಮೀ. ಬಂಡೆಯ ರಂಧ್ರತೆ 0.5%, ಅದರ ರಂಧ್ರಗಳಲ್ಲಿ ಡಿಫ್ಯೂಷನ್ (ಹರಿವಿಲ್ಲದೆ ತಾನಾಗಿ ಹರಡುವುದು) ಸೆಕೆಂಡಿಗೆ 10⁻¹⁰ ಚ.ಮೀ. ಬಿರುಕಿನ ಉದ್ದಕ್ಕೆ 5 ಮೀ. ಸೆಲ್ (ಲೆಕ್ಕದ ತುಣುಕು), ಬಂಡೆಯೊಳಕ್ಕೆ 50 ಸೆಂ.ಮೀ. ಸೆಲ್. ಸೆಲ್‌ಗಳ ಗಡಿಯಲ್ಲಿ ಎರಡೂ ಬದಿಯ ಸಾಂದ್ರತೆ ಬಳಸುವ ಸೆಂಟ್ರಲ್ ಸ್ಕೀಮ್ ಹಾಕಿದ್ದೇನೆ.

ತೊಂದರೆ ಎರಡು. ಟ್ರೇಸರ್‌ನ ಮುಂಭಾಗದಲ್ಲಿ ಸಾಂದ್ರತೆ ಮೈನಸ್ ಬರುತ್ತದೆ. ಆಮೇಲೆ, ಸ್ಥಳದಲ್ಲಿ ಮಾಡಿದ ಅಳತೆಯಲ್ಲಿ ಉದ್ದ ಬಾಲ ಇದೆ (ಶಿಖರದ ನಂತರವೂ ಟ್ರೇಸರ್ ನಿಧಾನವಾಗಿ ಬರುತ್ತಲೇ ಇರುತ್ತದೆ), ಮಾದರಿಯಲ್ಲಿ ಕರ್ವ್ ಸುಮ್ನೆ ಧೊಪ್ಪನೆ ಬೀಳುತ್ತದೆ. ಮುಂದೆ ಇದೇ ಮಾದರಿಯಲ್ಲಿ ನೈಟ್ರೇಟ್ ಬಾವಿಗೆ ಎಷ್ಟು ಕಾಲ ಬರುತ್ತಿರುತ್ತದೆ ಅಂತ ಹೇಳಬೇಕು. ಹಾಗಾಗಿ ಬಾಲ ಸರಿ ಬರಲೇಬೇಕು.

ಉತ್ತರ:
ಮೊದಲು ಮೈನಸ್. ಸೆಲ್ ಉದ್ದವನ್ನು ಡಿಸ್ಪರ್ಸಿವಿಟಿಯಿಂದ ಭಾಗಿಸಿ ನೋಡಿ, 10 ಬರುತ್ತದೆ. ಈ ಪೆಕ್ಲೆ ಸಂಖ್ಯೆ 2 ದಾಟಿದರೆ ಸೆಂಟ್ರಲ್ ಸ್ಕೀಮ್ ಅಲ್ಲಾಡುತ್ತದೆ. ಸೆಲ್ 1 ಮೀ. ಮಾಡಿ, ಸಮಯದ ಹೆಜ್ಜೆ 0.1 ದಿನ ದಾಟದಿರಲಿ. ನೀರು ಬರುವ ಬದಿಯ ಸೆಲ್ ಮಾತ್ರ ನೋಡುವ ಅಪ್‌ಸ್ಟ್ರೀಮ್ ಸ್ಕೀಮ್ ಹಾಕಿ ಮೈನಸ್ ಓಡಿಸೋಣ ಅಂತ ಅನಿಸಬಹುದು, ಬೇಡ. 5 ಮೀ. ಸೆಲ್‌ನಲ್ಲಿ ಅದೊಂದೇ ಸುಮಾರು 2.5 ಮೀ. ಸುಳ್ಳು ಡಿಸ್ಪರ್ಸಿವಿಟಿ ಸೇರಿಸುತ್ತದೆ. ನಿಮ್ಮ ನಿಜವಾದ ಬೆಲೆಯ ಐದು ಪಟ್ಟು ಅದು!

ಬಾಲದ ವಿಷಯ ಇದಕ್ಕಿಂತ ಮುಖ್ಯ. ಹತ್ತು ದಿನದಲ್ಲಿ ಬ್ರೋಮೈಡ್ ಬಂಡೆಯೊಳಗೆ ಎಷ್ಟು ಹೋಗುತ್ತದೆ? ಡಿಫ್ಯೂಷನ್ ಬೆಲೆಯನ್ನು ಸಮಯದಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 9 ಮಿ.ಮೀ. ನಿಮ್ಮ ಮೊದಲ ಸೆಲ್‌ನ ನಡುಬಿಂದು ಇರುವುದು 25 ಸೆಂ.ಮೀ. ಆಚೆ. ಸಾಂದ್ರತೆಯ ಇಳಿಜಾರು ಅಷ್ಟು ದೂರಕ್ಕೆ ಹರಡಿಹೋಗಿ, ಬಂಡೆಯೊಳಕ್ಕೆ ಹೋಗಬೇಕಾದದ್ದರ ಹತ್ತರಲ್ಲೊಂದು ಪಾಲೂ ಹೋಗುವುದಿಲ್ಲ. ಒಳಗೆ ಹೋಗದಿದ್ದರೆ ಆಮೇಲೆ ವಾಪಸ್ ಬರುವುದೆಲ್ಲಿಂದ?

ಬಿರುಕಿನ ಪಕ್ಕದ ಸೆಲ್ 1 ಮಿ.ಮೀ. ಇರಲಿ, ಅಲ್ಲಿಂದ ಪ್ರತಿ ಸೆಲ್ ಹಿಂದಿನದರ ಒಂದೂವರೆ ಪಟ್ಟು. 14 ಸೆಲ್‌ನಲ್ಲಿ ಅರ್ಧ ಮೀಟರ್ ದಾಟುತ್ತೀರಿ, ಲೆಕ್ಕಕ್ಕೆ ಜಾಸ್ತಿ ಹೊರೆಯೂ ಆಗುವುದಿಲ್ಲ. ಆಮೇಲೆ ಟ್ಯಾಂಗ್, ಫ್ರಿಂಡ್, ಸುಡಿಕಿ 1981ರಲ್ಲಿ ಒಂಟಿ ಬಿರುಕಿಗೆ ಕೊಟ್ಟ ಸೂತ್ರದ ಜೊತೆ ಹೋಲಿಸಿ. ಅದಕ್ಕೆ ಹೊಂದಿದ ಮೇಲೆಯೇ ಸ್ಥಳದ ಅಳತೆಗೆ ಕೈ ಹಾಕಿ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಮೈನಸ್ ಹೋಯಿತು, ಸೂತ್ರಕ್ಕೂ ಹೊಂದಿತು. ಲಾಗ್-ಲಾಗ್ ಗ್ರಾಫ್‌ನಲ್ಲಿ ಬಾಲ ಹತ್ತಿರ ಹತ್ತಿರ ಮೈನಸ್ 1.5 ಇಳಿಜಾರಲ್ಲಿದೆ. ಆದರೆ ಮಾದರಿಯಲ್ಲಿ ಟ್ರೇಸರ್ ಸ್ಥಳದ ಅಳತೆಗಿಂತ ಬೇಗ ಬಂದುಬಿಡುತ್ತದೆ. ರಂಧ್ರತೆ ಹೆಚ್ಚಿಸಲಾ?

ಇನ್ನೊಬ್ಬರು:
ರಂಧ್ರತೆ ಮುಟ್ಟಬೇಡಿ, ಬಾಲ ಕೆಡುತ್ತದೆ. ಪಂಪಿಂಗ್ ಟೆಸ್ಟ್‌ನಿಂದ ಬರುವುದು ಹರಿವಿನ ಅಗಲ. ಹರಿವು ಅಗಲದ ಘನಕ್ಕೆ ತಕ್ಕಂತೆ ಇರುವುದರಿಂದ ಇಕ್ಕಟ್ಟಾದ ಜಾಗಗಳೇ ಆ ಸಂಖ್ಯೆಯನ್ನು ಎಳೆದು ಇಳಿಸುತ್ತವೆ. ಟ್ರೇಸರ್ ತುಂಬುವ ಜಾಗ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಹರಿವಿನ ಪ್ರಮಾಣ ಹಾಗೇ ಇಟ್ಟು, ಸಾಗಾಟದ ಅಗಲವನ್ನು ಮಾತ್ರ ಬೇರೆಯಾಗಿ ಹೊಂದಿಸಿ. ಅಗಲ ಬದಲಾದರೆ ಬಾಲವೂ ಸ್ವಲ್ಪ ಬದಲಾಗುತ್ತದೆ, ಎರಡನ್ನೂ ಒಟ್ಟಿಗೆ ನೋಡಿ.

ಇನ್ನೊಂದು ಮಾತು. ಬಾಲ ಹೊಂದಿತು ಅಂದ ಮಾತ್ರಕ್ಕೆ ಕಾರಣ ಬಂಡೆಯ ಡಿಫ್ಯೂಷನ್ನೇ ಅಂತ ಅಲ್ಲ. ವೇಗ ಬೇರೆ ಬೇರೆ ಇರುವ ಹಲವು ದಾರಿಗಳಿದ್ದರೂ ಉದ್ದ ಬಾಲ ಬರಬಹುದು. ನೈಟ್ರೇಟ್ ವಿಷಯದಲ್ಲಿ ಈ ಎರಡರ ಉತ್ತರ ಬೇರೆ ಬೇರೆ. ಬ್ರೋಮೈಡ್ ಜೊತೆಗೆ, ನಿಧಾನವಾಗಿ ಡಿಫ್ಯೂಸ್ ಆಗುವ ಪೆಂಟಾಫ್ಲೋರೊಬೆಂಜೊಯಿಕ್ ಆಮ್ಲವನ್ನೂ ಹಾಕಿದ್ದರೆ ಆ ಡೇಟಾ ತೆಗೆಯಿರಿ. ಪ್ರತಿಯೊಂದನ್ನೂ ಹಾಕಿದ ಪ್ರಮಾಣದಿಂದ ಭಾಗಿಸಿ ಒಂದೇ ಗ್ರಾಫ್‌ನಲ್ಲಿ ಇಡಿ. ಬ್ರೋಮೈಡ್‌ನ ಶಿಖರ ತಗ್ಗಾಗಿ ಬಾಲ ಮೇಲಿದ್ದರೆ ಡಿಫ್ಯೂಷನ್ ಕೆಲಸ ಮಾಡುತ್ತಿದೆ. ಎರಡೂ ಒಂದರ ಮೇಲೊಂದು ಕೂತರೆ ದಾರಿಗಳನ್ನೇ ಅನುಮಾನಿಸಬೇಕು.

ಕೇಳಿದವರು:
ಎರಡೂ ಹಾಕಿದ್ದೆವು. ಬ್ರೋಮೈಡ್ ಶಿಖರ ತಗ್ಗಾಗಿಯೇ ಇದೆ, ಬಾಲವೂ ಮೇಲಿದೆ. ಸಾಗಾಟದ ಅಗಲ ಹೊಂದಿಸಿ ಗ್ರಾಫ್ ಇಲ್ಲೇ ಹಾಕುತ್ತೇನೆ.