ಫೋಲ್ಡರ್‌ಗೆ ಬೀಗ: ಮನೆ ಕಂಪ್ಯೂಟರ್ ಬಗ್ಗೆ ಕೇಳಿ, ರಿಕವರಿ ಮೇಡಂ ಉತ್ತರಿಸ್ತಾರೆ

ಗ್ರೂಪ್ ಅಡ್ಮಿನ್: ಇವತ್ತಿನ ವಿಷಯ, ಮನೆಮಂದಿಯೆಲ್ಲ ಬಳಸೋ ಕಂಪ್ಯೂಟರ್‌ನಲ್ಲಿ ಖಾಸಗಿ ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕೋದು. ಕೆಟ್ಟುಹೋದ ಡಿಸ್ಕ್‌ಗಳಿಂದ ಫೈಲ್ ತೆಗೆದುಕೊಡೋ ಕೆಲಸ ಮಾಡುವ ನಮ್ಮ ಮೇಡಂ ರಾತ್ರಿ ಒಂಬತ್ತರವರೆಗೆ ಇರ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹಾಸನದ ಟೀಚರ್: ನಮಸ್ತೆ ಮೇಡಂ. ನಮ್ಮನೇಲಿ ಒಂದೇ ಕಂಪ್ಯೂಟರ್, ವಿಂಡೋಸ್ 11 ಹೋಮ್. ಪ್ರಶ್ನೆಪತ್ರಿಕೆ ಅದರಲ್ಲೇ ಮಾಡಿಡ್ತೀನಿ, ಮಗನೂ ಅದೇ ಶಾಲೇಲಿ ಓದ್ತಾನೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಪಾಸ್‌ವರ್ಡ್ ಅನ್ನೋ ಆಯ್ಕೆಯೇ ಕಾಣ್ತಿಲ್ಲ.

ರಿಕವರಿ ಮೇಡಂ: ನಮಸ್ತೆ. ಹುಡುಕಬೇಡಿ, ಒಂದೊಂದು ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕೋ ಸೌಲಭ್ಯ ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಒಳಗೆ ಎನ್‌ಕ್ರಿಪ್ಟ್ (ಕೀಲಿ ಇಲ್ಲದೆ ಓದೋಕಾಗದ ಹಾಗೆ ಮಾಡೋದು) ಅಂತ ಒಂದು ಟಿಕ್ ಇದೆ, ಹೋಮ್ ಆವೃತ್ತಿಯಲ್ಲಿ ಅದನ್ನು ಒತ್ತೋಕೇ ಆಗಲ್ಲ. ಮೊದಲು ಮಗನಿಗೆ ಬೇರೆ ಅಕೌಂಟ್ ಮಾಡಿಕೊಡಿ. ಅಡ್ಮಿನಿಸ್ಟ್ರೇಟರ್ ಕೊಡಬೇಡಿ, ಸ್ಟ್ಯಾಂಡರ್ಡ್ ಸಾಕು. ನಿಮ್ಮ ಅಕೌಂಟ್‌ಗೆ ಪಾಸ್‌ವರ್ಡ್ ಹಾಕಿ. ಆಮೇಲೆ ನಿಮ್ಮ ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದು ಅವನಿಗೆ ತೆರೆಯಲ್ಲ. ಡಿ ಡ್ರೈವ್‌ನಲ್ಲಿಟ್ಟರೆ ಮಾತ್ರ ತೆರೆಯುತ್ತೆ, ಅಲ್ಲಿ ಇಡಬೇಡಿ. ಇನ್ನೂ ಭದ್ರ ಬೇಕಂದ್ರೆ ವೆರಾಕ್ರಿಪ್ಟ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಅದು ಒಂದು ದೊಡ್ಡ ಫೈಲ್ ಮಾಡುತ್ತೆ, ಪಾಸ್‌ವರ್ಡ್ ಕೊಟ್ಟಾಗ ಆ ಫೈಲೇ ಹೊಸ ಡ್ರೈವ್ ಥರ ತೆರೆದುಕೊಳ್ಳುತ್ತೆ. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಉದ್ದ ಇರಲಿ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮರೆತರೆ ನನ್ನ ಕೈಲೂ ಆಗಲ್ಲ.

ಕುಡ್ಲದವ: ಅಷ್ಟೆಲ್ಲ ಯಾಕೆ ಮಾರಾಯ್ರೆ, ಸೆವೆನ್ ಜಿಪ್ ಸಾಕಲ್ವಾ?

ರಿಕವರಿ ಮೇಡಂ: ಅಪರೂಪಕ್ಕೆ ತೆಗೆಯೋ ಫೈಲ್‌ಗೆ ಸಾಕು. ಆ ಸಾಫ್ಟ್‌ವೇರ್ ಫೋಲ್ಡರನ್ನ ಪಾಸ್‌ವರ್ಡ್ ಇರೋ ಒಂದೇ ಫೈಲ್ ಆಗಿ ಕಟ್ಟಿಕೊಡುತ್ತೆ. ಫೈಲ್ ಬಗೆ ಕೇಳಿದಾಗ ಜಿಪ್ ಬದಲು ಸೆವೆನ್ ಜಡ್ ಆಯ್ಕೆ ಮಾಡಿ, ಅದರದ್ದು ಎಇಎಸ್ 256 ಅನ್ನೋ ಬಲವಾದ ಎನ್‌ಕ್ರಿಪ್ಷನ್. ಫೈಲ್ ಹೆಸರುಗಳನ್ನೂ ಎನ್‌ಕ್ರಿಪ್ಟ್ ಮಾಡು ಅನ್ನೋ ಟಿಕ್ ಹಾಕಿ. ಆಮೇಲೆ ಹೊರಗಿರೋ ಮೂಲ ಫೋಲ್ಡರ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಜನ ಮರೆಯೋದು ಇದನ್ನೇ.

ಕಾಫಿ ಎಸ್ಟೇಟ್: ನನಗೆ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. "ಯಾವ ಸಾಫ್ಟ್‌ವೇರೂ ಬೇಡ! ಈ ಕೋಡ್ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ಲಾಕರ್ ಡಾಟ್ ಬ್ಯಾಟ್ ಅಂತ ಸೇವ್ ಮಾಡಿ, ಡಬಲ್ ಕ್ಲಿಕ್ ಮಾಡಿ, ಫೋಲ್ಡರ್ ಮಾಯ! ನಿಮ್ಮ ಪಾಸ್‌ವರ್ಡ್ ಕೊಟ್ಟರೆ ಮಾತ್ರ ವಾಪಸ್. ಹತ್ತು ಜನಕ್ಕೆ ಕಳಿಸಿ."

ರಿಕವರಿ ಮೇಡಂ: ಇದು ವರ್ಷಗಳಿಂದ ಸುತ್ತುತ್ತಾ ಇದೆ. ಇದರಲ್ಲಿ ಬೀಗವೇ ಇಲ್ಲ. ಆ ಕೋಡ್ ಫೋಲ್ಡರ್ ಹೆಸರನ್ನ ಕಂಟ್ರೋಲ್ ಪ್ಯಾನಲ್ ಅಂತ ಬದಲಿಸಿ ಅದನ್ನ ಕಣ್ಣಿಗೆ ಕಾಣದ ಹಾಗೆ ಮಾಡುತ್ತೆ, ಅಷ್ಟೇ. ಪಾಸ್‌ವರ್ಡ್ ಅದೇ ಬ್ಯಾಟ್ ಫೈಲ್ ಒಳಗೆ ಓದೋ ಅಕ್ಷರದಲ್ಲಿ ಬರೆದಿರುತ್ತೆ. ರೈಟ್ ಕ್ಲಿಕ್, ಎಡಿಟ್ ಅಂದ್ರೆ ಏಳನೇ ಕ್ಲಾಸ್ ಹುಡುಗನೂ ಓದ್ತಾನೆ. ಇನ್ನೂ ಕೆಟ್ಟದ್ದು, ಬ್ಯಾಟ್ ಫೈಲ್ ಅಳಿಸಿಹೋದ್ರೆ ಫೋಲ್ಡರ್ ಎಲ್ಲಿದೆ ಅಂತ ತಮಗೇ ಗೊತ್ತಾಗದೆ ಅಳ್ತಾ ಬರ್ತಾರೆ. ಯಾರೂ ಬಳಸಬೇಡಿ, ಯಾರಿಗೂ ಕಳಿಸಬೇಡಿ.

ಕಾಫಿ ಎಸ್ಟೇಟ್: ನಾನು ಎರಡು ವರ್ಷದಿಂದ ಬಳಸ್ತಿದ್ದೀನಿ, ಏನೂ ಆಗಿಲ್ಲ.

ಬಳ್ಳಾರಿ ಬಿಸಿಲು: ಮೇಡಂ, ಮ್ಯಾಕ್‌ನಲ್ಲಿ ಹೇಗೆ?

ದಾವಣಗೆರೆ ಮಗಳು: ಮೇಡಂ, ಸ್ವಲ್ಪ ದೊಡ್ಡ ಪ್ರಶ್ನೆ, ಕ್ಷಮಿಸಿ. ಅಪ್ಪ ತೀರಿಕೊಂಡು ವರ್ಷ ಆಯ್ತು. ಅವರ ಕಂಪ್ಯೂಟರ್‌ನ ಡಿ ಡ್ರೈವ್‌ನಲ್ಲಿ ಹೊಲದ ಕಾಗದಪತ್ರ ಎಲ್ಲ ಸ್ಕ್ಯಾನ್ ಮಾಡಿಟ್ಟಿದ್ರು. ಮುಖ್ಯವಾಗಿ ಅಜ್ಜನ ಕಾಲದ ಪಾಲುಪಟ್ಟಿ. ಅದರ ಮೂಲ ಪ್ರತಿಗೆ ಗೆದ್ದಲು ಹಿಡಿದು ಹೋಯ್ತು. ಹೋದ ವಾರ ಅಂಗಡಿಯವರ ಹತ್ರ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ, ವಿಂಡೋಸ್ ಹೊಸದಾಗಿ ಮಾಡಿಸಿದ್ವಿ. ಈಗ ಆ ಫೋಲ್ಡರ್‌ನ ಫೈಲ್‌ಗಳ ಮೇಲೆ ಸಣ್ಣ ಬೀಗದ ಚಿತ್ರ ಕಾಣುತ್ತೆ, ತೆಗೆದರೆ ಆಕ್ಸೆಸ್ ಡಿನೈಡ್ ಅಂತ ಬರುತ್ತೆ. ಪಾಸ್‌ವರ್ಡ್ ಕೂಡ ಕೇಳಲ್ಲ.

ರಿಕವರಿ ಮೇಡಂ: ಮೊದಲು ಕಂಪ್ಯೂಟರ್ ಆಫ್ ಮಾಡಿ, ಆಮೇಲೆ ಓದಿ. ಹಳೇದು ವಿಂಡೋಸ್ ಪ್ರೊ ಇತ್ತಾ? ಹಳೇ ಹಾರ್ಡ್ ಡಿಸ್ಕ್ ಎಲ್ಲಿದೆ? ಹಳೇ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದ್ದಾರಾ?

ದಾವಣಗೆರೆ ಮಗಳು: ಹೌದು, ವಿಂಡೋಸ್ 10 ಪ್ರೊ. ಹಳೇ ಹಾರ್ಡ್ ಡಿಸ್ಕ್ ಒಳಗೇ ಇದೆ, ಡಿ ಅದರಲ್ಲೇ ಇರೋದು. ಹಳೇ ಸಿ ಈಗ ಇ ಅಂತ ಕಾಣುತ್ತೆ, ಯೂಸರ್ಸ್ ಅಂತ ಫೋಲ್ಡರ್ ಇದೆ. ಅಂಗಡಿಯವರು ನಾಳೆ ತನ್ನಿ, ಇ ಫಾರ್ಮ್ಯಾಟ್ ಮಾಡಿ ಜಾಗ ಮಾಡಿಕೊಡ್ತೀನಿ ಅಂದಿದ್ದಾರೆ.

ರಿಕವರಿ ಮೇಡಂ: ನಾಳೆ ಅಂಗಡಿಗೆ ಹೋಗಬೇಡಿ. ಇ ಡ್ರೈವ್ ಉಳಿದರೆ ಪಾಲುಪಟ್ಟಿ ಸಿಗೋ ಸಾಧ್ಯತೆ ಇದೆ. ಅದು ಹೋದ್ರೆ ಮುಗೀತು.

ಆಗಿರೋದು ಇಷ್ಟು. ನಿಮ್ಮ ತಂದೆ ಹಾಕಿದ್ದು ನಾನು ಮೇಲೆ ಟೀಚರ್‌ಗೆ ಹೇಳಿದ ಆ ಎನ್‌ಕ್ರಿಪ್ಟ್ ಟಿಕ್. ಅದಕ್ಕೆ ಇಎಫ್‌ಎಸ್ ಅಂತಾರೆ, ವಿಂಡೋಸ್ 2000ದಿಂದ ಇದೆ. ಅದು ಪಾಸ್‌ವರ್ಡ್ ಕೇಳೋದೇ ಇಲ್ಲ. ಟಿಕ್ ಹಾಕಿದಾಗ ವಿಂಡೋಸ್ ಒಂದು ಸರ್ಟಿಫಿಕೇಟ್, ಒಂದು ಕೀಲಿ ಮಾಡಿ ಅವರ ಪ್ರೊಫೈಲ್ (ಯೂಸರ್ಸ್ ಒಳಗೆ ಅವರ ಹೆಸರಿನ ಫೋಲ್ಡರ್) ಒಳಗೆ ಇಡುತ್ತೆ. ಅವರು ಲಾಗಿನ್ ಆದಾಗ ಫೈಲ್ ತಾನಾಗಿ ತೆರೆಯುತ್ತೆ, ಹಾಗಾಗಿ ಬೀಗ ಇದೆ ಅನ್ನೋದೇ ಮನೆಯವರಿಗೆ ಗೊತ್ತಿರಲ್ಲ. ಆ ಕೀಲಿ ಕೂತಿರೋದು ಡಿ ಡ್ರೈವ್‌ನಲ್ಲಲ್ಲ, ಹಳೇ ಸಿ ಒಳಗೆ. ಅದನ್ನ ಮುಚ್ಚಿಟ್ಟಿರೋದು ಅವರ ಲಾಗಿನ್ ಪಾಸ್‌ವರ್ಡ್. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಅಕೌಂಟ್ ಮಾಡಿದ್ರೂ ಕೀಲಿ ಬೇರೆಯೇ.

ಮೊದಲ ಕೆಲಸ, ಹಳೇ ಡಿಸ್ಕ್‌ನ ಪೂರ್ತಿ ಇಮೇಜ್, ಅಂದ್ರೆ ಇಡೀ ಡಿಸ್ಕ್‌ನ ಇದ್ದ ಹಾಗೇ ನಕಲು, ಬೇರೆ ಡಿಸ್ಕ್‌ಗೆ ತೆಗೆಸಿ. ಬರೀ ಕಾಪಿ ಪೇಸ್ಟ್ ಸಾಲದು. ಆಮೇಲೆ ಎಸ್‌ಎಸ್‌ಡಿ ಕೇಬಲ್ ಬಿಚ್ಚಿ, ಹಳೇ ಡಿಸ್ಕ್ ಒಂದನ್ನೇ ಇಟ್ಟು ಆನ್ ಮಾಡಿ. ಹಳೇ ವಿಂಡೋಸ್ ಎದ್ದರೆ ತಂದೆಯವರ ಅಕೌಂಟ್‌ಗೆ ಅವರ ಪಾಸ್‌ವರ್ಡ್ ಕೊಟ್ಟೇ ಹೋಗಿ. ಫೈಲ್ ತೆರೆಯುತ್ತೆ. ಆಗ ಫೋಲ್ಡರ್‌ನ ಆ ಟಿಕ್ ತೆಗೆದು, ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ. ಸರ್ಟಿಫಿಕೇಟನ್ನೂ ಪಿಎಫ್‌ಎಕ್ಸ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ವಿಂಡೋಸ್ ಏಳದೇ ಹೋದ್ರೂ ಎದೆಗುಂದಬೇಡಿ, ಅವರ ಪ್ರೊಫೈಲ್‌ನ ಪ್ರೊಟೆಕ್ಟ್, ಕ್ರಿಪ್ಟೊ, ಸಿಸ್ಟಂ ಸರ್ಟಿಫಿಕೇಟ್ಸ್ ಅನ್ನೋ ಮೂರು ಫೋಲ್ಡರ್ ಉಳಿದು, ಪಾಸ್‌ವರ್ಡ್ ಗೊತ್ತಿದ್ರೆ ಬೇರೆ ದಾರಿ ಇದೆ. ಪಾಸ್‌ವರ್ಡ್ ಗೊತ್ತಾ?

ದಾವಣಗೆರೆ ಮಗಳು: ಅಮ್ಮನ್ನ ಕೇಳ್ತೀನಿ ಮೇಡಂ. ಡೈರಿಯಲ್ಲಿ ಬರೆದಿಟ್ಟಿರಬಹುದು.

ಹುಬ್ಬಳ್ಳಿ ಕಂಪ್ಯೂಟರ್ಸ್: ಅಕ್ಕಾರ, ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ. ಟೇಕ್ ಓನರ್‌ಶಿಪ್ ಮಾಡ್ರಿ, ತೆರೀತೈತಿ. ಪಾಸ್‌ವರ್ಡ್ ಗೊತ್ತಿಲ್ಲಂದ್ರ ನನ್ನ ಹತ್ರ ಪಾಸ್‌ವರ್ಡ್ ತೆಗೆಯೋ ಪೆನ್ ಡ್ರೈವ್ ಐತಿ, ಐದ್ ನಿಮಿಷದ ಕೆಲಸ.

ರಿಕವರಿ ಮೇಡಂ: ಮಾಡಬೇಡಿ! ದಾವಣಗೆರೆಯವರೇ, ಇವರ ಮಾತು ಕೇಳಬೇಡಿ. ಓನರ್‌ಶಿಪ್ ಅಂದ್ರೆ ಫೈಲ್ ಯಾರದ್ದು ಅನ್ನೋ ಚೀಟಿ ಬದಲಾಗುತ್ತೆ, ಒಳಗಿನ ಎನ್‌ಕ್ರಿಪ್ಷನ್ ಹಾಗೇ ಇರುತ್ತೆ. ಆ ಪೆನ್ ಡ್ರೈವ್ ಇನ್ನೂ ಅಪಾಯ. ಪಾಸ್‌ವರ್ಡ್ ಅಳಿಸಿ ಲಾಗಿನ್ ಆಗಬಹುದು, ಆದ್ರೆ ಇಎಫ್‌ಎಸ್ ಕೀಲಿ ಹಳೇ ಪಾಸ್‌ವರ್ಡ್‌ನಿಂದಲೇ ತೆರೆಯೋದು. ಒಳಗೆ ಹೋಗಿ ಕೂತ್ರೂ ಫೈಲ್ ತೆರೆಯಲ್ಲ.

ಹುಬ್ಬಳ್ಳಿ ಕಂಪ್ಯೂಟರ್ಸ್: ಹದಿನೈದು ವರ್ಷದಿಂದ ಅಂಗಡಿ ನಡಸಾಕತ್ತೀನ್ರೀ ಮೇಡಂ. ನೂರಾರು ಕಂಪ್ಯೂಟರ್ ತೆರದೀನಿ.

ರಿಕವರಿ ಮೇಡಂ: ಎನ್‌ಕ್ರಿಪ್ಟ್ ಆಗದ ಕಂಪ್ಯೂಟರ್ ತೆರೆದಿದ್ದೀರಿ ಸರ್. ಇದು ಬೇರೆ.

ಮಲ್ಲೇಶ್ವರಂ ರಿಟೈರ್ಡ್: ನನಗೊಂದು ಸಂದೇಹ. ಮನೆಯೊಳಗೇ ಇಷ್ಟು ಗುಟ್ಟು ಯಾಕೆ? ನಾವು ಕೂಡುಕುಟುಂಬದಲ್ಲಿ ಬೆಳೆದವರು, ಬೀರುವಿಗೇ ಬೀಗ ಇರಲಿಲ್ಲ.

ಶಿರಸಿ ಸೊಸೆ: ಬೀಗ ಇರಲಿಲ್ಲ, ಹೆಂಗಸರ ಹೆಸರಲ್ಲಿ ಏನೂ ಇರಲೂ ಇಲ್ಲ. ನನ್ನ ಡೈರಿ, ನನ್ನ ಆಸ್ಪತ್ರೆ ರಿಪೋರ್ಟು ನನ್ನವು. ಅದು ಗುಟ್ಟಲ್ಲ.

ಮಲ್ಲೇಶ್ವರಂ ರಿಟೈರ್ಡ್: ಗಂಡನಿಗೆ ತೋರಿಸಬಾರದ ರಿಪೋರ್ಟು ಯಾವುದಮ್ಮ?

ಶಿರಸಿ ಸೊಸೆ: ಅದನ್ನ ಕೇಳೋ ಹಕ್ಕು ನಿಮಗಿಲ್ಲ.

ಕಾಫಿ ಎಸ್ಟೇಟ್: ರಿಟೈರ್ಡ್ ಸರ್ ಹೇಳಿದ್ರಲ್ಲಿ ತಪ್ಪೇನಿದೆ?

ಹಾಸನದ ಟೀಚರ್: ನೀವೂ ಎರಡು ವರ್ಷದಿಂದ ಫೋಲ್ಡರ್ ಮಾಯ ಮಾಡ್ತಿದ್ದೀರಲ್ಲ, ನಿಮ್ಮ ಮನೆಯವರಿಗೆ ತೋರಿಸಿದ್ದೀರಾ?

ಕಾಫಿ ಎಸ್ಟೇಟ್: ಪರ್ಸನಲ್ ಮಾತಾಡಬೇಡಿ.

ಹೆಸರು ಬೇಡ: ಮೇಡಂ, ನನ್ನ ಹೆಂಡತಿ ಒಂದು ಫೋಲ್ಡರ್‌ಗೆ ಸೆವೆನ್ ಜಿಪ್ ಪಾಸ್‌ವರ್ಡ್ ಹಾಕಿದ್ದಾಳೆ. ತೆಗೆಯೋದು ಹೇಗೆ?

ರಿಕವರಿ ಮೇಡಂ: ಅವರನ್ನೇ ಕೇಳಿ. ನಾನು ಹೇಳಲ್ಲ.

ತುಮಕೂರು ಡಿಗ್ರಿ: ಫೋಲ್ಡರ್ ಲಾಕ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಮೇಡಂ?

ರಿಕವರಿ ಮೇಡಂ: ಮೇಲೆ ಇದೆ.

ತುಮಕೂರು ಡಿಗ್ರಿ: ಟೆಲಿಗ್ರಾಂನಲ್ಲಿ ಒಂದು ಲಾಕರ್‌ನ ಕ್ರ್ಯಾಕ್ ವರ್ಷನ್ ಸಿಕ್ಕಿದೆ, ಆಂಟಿವೈರಸ್ ಆಫ್ ಮಾಡಿ ಹಾಕಿ ಅಂತಿದೆ. ಹಾಕಲಾ?

ರಿಕವರಿ ಮೇಡಂ: ಬೇಡ. ಆಂಟಿವೈರಸ್ ಆಫ್ ಮಾಡಿ ಅಂದ ತಕ್ಷಣ ಅಳಿಸಿಬಿಡಿ. ಇಂಥ ಕ್ರ್ಯಾಕ್‌ಗಳ ಜೊತೆಗೇ ರ‍್ಯಾನ್ಸಮ್‌ವೇರ್ ಬರೋದು. ಅದು ಇಡೀ ಡಿಸ್ಕ್‌ಗೆ ಬೀಗ ಹಾಕಿ ದುಡ್ಡು ಕೇಳುತ್ತೆ.

ಕೋಲಾರ ಹಾಲು: ಫೋಲ್ಡರ್ ಹೈಡ್ ಮಾಡಿದ್ರೆ ಸಾಕಲ್ವಾ ಮೇಡಂ?

ರಿಕವರಿ ಮೇಡಂ: ಸಾಲದು. ಹಿಡನ್ ಐಟಮ್ಸ್ ಟಿಕ್ ಹಾಕಿದ್ರೆ ಕಾಣುತ್ತೆ. ಇದನ್ನೂ ಮೇಲೆ ಹೇಳಿದ್ದೀನಿ. ದಯವಿಟ್ಟು ಓದಿ ಕೇಳಿ.

ಬಳ್ಳಾರಿ ಬಿಸಿಲು: ಮ್ಯಾಕ್ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹುಬ್ಬಳ್ಳಿ ಕಂಪ್ಯೂಟರ್ಸ್: ಮೇಡಂಗೆ ಅಂಗಡಿಯವರಂದ್ರ ಆಗಂಗಿಲ್ಲ. ಗಿರಾಕಿ ತಮ್ಮ ಕಡೆ ಬರ್ಲಿ ಅಂತ ಅಂಜಸ್ತಾರ.

ಗ್ರೂಪ್ ಅಡ್ಮಿನ್: ಹುಬ್ಬಳ್ಳಿಯವರೇ, ಸಾಕು. ರಿಟೈರ್ಡ್ ಸರ್, ಸೊಸೆ, ನಿಮ್ಮ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳಿ. ಇನ್ನು ಹತ್ತು ನಿಮಿಷ ಇದೆ.

ರಿಕವರಿ ಮೇಡಂ: ಗಿರಾಕಿ ವಿಷಯಕ್ಕೆ ಉತ್ತರ: ದಾವಣಗೆರೆಯವರು ಯಾರ ಹತ್ರ ಬೇಕಾದ್ರೂ ಹೋಗಲಿ, ಇಮೇಜ್ ತೆಗೆದುಕೊಡೋರು ಆಗಿದ್ರೆ ಸಾಕು. ಫಾರ್ಮ್ಯಾಟ್ ಆದ ಮೇಲೆ ಬಂದವರಿಗೆ "ಆಗಲ್ಲ" ಅಂತ ಹೇಳೋ ಕೆಲಸ ನನ್ನದಾಗುತ್ತೆ ಸರ್. ಅದನ್ನ ಹೇಳೋಕೆ ನನಗೆ ಇಷ್ಟ ಇಲ್ಲ.

ದಾವಣಗೆರೆ ಮಗಳು: ಮೇಡಂ, ಡೈರಿ ಸಿಕ್ತು. ಕಂಪ್ಯೂಟರ್ ಅಂತ ಬರೆದು ನಾಲ್ಕು ಅಂಕಿ ಇದೆ. ಅದರ ಕೆಳಗೆ ಇಂಗ್ಲಿಷ್‌ನಲ್ಲಿ ಅಜ್ಜಿ ಹೆಸರು, ಮುಂದೆ ಒಂದು ಇಸವಿ.

ರಿಕವರಿ ಮೇಡಂ: ನಾಲ್ಕು ಅಂಕಿಯದ್ದು ಪಿನ್ ಇರಬೇಕು, ಅಜ್ಜಿ ಹೆಸರಿನದ್ದು ಪಾಸ್‌ವರ್ಡ್. ನಮಗೆ ಬೇಕಾಗಿರೋದು ಪಾಸ್‌ವರ್ಡ್. ದೊಡ್ಡಕ್ಷರ, ಸಣ್ಣಕ್ಷರ ಹೇಗಿದೆಯೋ ಹಾಗೇ ಇರಲಿ. ಗ್ರೂಪ್‌ನಲ್ಲಿ ಹಾಕಬೇಡಿ. ಆ ಪುಟದ ಫೋಟೋ ತೆಗೆದು ಅಮ್ಮನ ಫೋನ್‌ನಲ್ಲೂ ಇಡಿ. ಈಗಲೇ ಅಂಗಡಿಯವರಿಗೆ ಫೋನ್ ಮಾಡಿ, ಫಾರ್ಮ್ಯಾಟ್ ಬೇಡ ಅಂತ ಹೇಳಿ. ಇಮೇಜ್ ಆಗೋವರೆಗೆ ಕಂಪ್ಯೂಟರ್ ಆನ್ ಮಾಡಬೇಡಿ, ಅಣ್ಣತಮ್ಮಂದಿರಿಗೂ ಹೇಳಿ.

ದಾವಣಗೆರೆ ಮಗಳು: ಫೋನ್ ಮಾಡಿದೆ ಮೇಡಂ, ನಾಳೆ ಬರಲ್ಲ ಅಂತ ಹೇಳಿದ್ದೀನಿ.