ಉಗುರಿನ ಮೇಲಿನ ಸೂಜಿಮೊನೆಯಷ್ಟು ತಗ್ಗಿಗೆ ಏನೆನ್ನೋಣ?

ಬಳಗದ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಬೀದರಿನ ಚರ್ಮವೈದ್ಯರೊಬ್ಬರು ತಮ್ಮ ರೋಗಿಗಳಿಗೆ ಹಂಚಲು ಎರಡು ಪುಟದ ಕರಪತ್ರ ಬರೆದುಕೊಡಿ ಎಂದು ಕೇಳಿದ್ದಾರೆ. ತಲೆಯಲ್ಲಿ ನಾಣ್ಯದಗಲ ಕೂದಲುದುರಿ ನುಣ್ಣಗಾಗುವ ಅಲೋಪೇಶಿಯಾ ಏರಿಯೇಟಾ ಅದರ ವಿಷಯ. ನಿವೃತ್ತ ಮೇಷ್ಟ್ರಿಗೆ ಇದೇನು ಕಷ್ಟ ಎಂದು ಒಪ್ಪಿಕೊಂಡೆ.

ಕೂದಲಿನ ಮಟ್ಟಿಗೆ ಹೆಸರುಗಳಿಗೆ ಬರವಿಲ್ಲ. ನಮ್ಮ ಜಿಲ್ಲೆಯಲ್ಲಿ ನಾಲ್ಕು ಭಾಷೆಗಳಿವೆ, ನಾಲ್ಕರಲ್ಲೂ ಒಂದೊಂದು ಹೆಸರಿದೆ. ಉರ್ದುವಿನಲ್ಲಿ ಬಾಲಖೋರಾ, ಕೂದಲು ತಿನ್ನುವಂಥದ್ದು. ತೆಲುಗಿನಲ್ಲಿ ಪೇನುಕೊರುಕುಡು, ಹೇನಿನ ಕಡಿತ. ಮರಾಠಿಯಲ್ಲಿ ಚಾಈ. ಕನ್ನಡದಲ್ಲಿ ‘ಹುಳು ತಿಂದಿದೆ’. ಯುನಾನಿ ಹಕೀಮರ ದಾಉಸ್ಸಾಲಬ್ ಎಂದರೆ ನರಿಯ ರೋಗ. ಅಲೋಪೇಶಿಯಾದ ಹಿಂದಿರುವ ಗ್ರೀಕ್ ಪದಕ್ಕೂ ನರಿ ಎಂದೇ ಅರ್ಥ. ತುಪ್ಪಳ ಉದುರಿದ ಆ ಒಂದು ನರಿ ಅರಬ್ಬಿಯನ್ನೂ ದಾಟಿ ನಮ್ಮ ದವಾಖಾನೆಯವರೆಗೆ ಬಂದಿದೆ!

ನಿಜದಲ್ಲಿ ಹುಳುವೂ ಇಲ್ಲ, ಹೇನೂ ಇಲ್ಲ. ದೇಹದ ಕಾವಲಿನ ಕಣಗಳೇ ಕೂದಲ ಬುಡದ ಮೇಲೆ ತಿರುಗಿಬೀಳುತ್ತವೆ. ಇದು ಅಂಟುವ ಕಾಯಿಲೆಯಲ್ಲ. ಆದರೆ ಹುಳು ಎಂದೊಡನೆ ಹುಳುಕಡ್ಡಿ ನೆನಪಾಗಿ, ಪಾಪ, ಮಗುವಿನ ಬಾಚಣಿಗೆ, ದಿಂಬು ಎಲ್ಲ ಬೇರೆಯಾಗುತ್ತವೆ. ಹಾಗಾಗಿ ಆಯುರ್ವೇದದ ‘ಇಂದ್ರಲುಪ್ತ’ವನ್ನೇ ಬರೆದು, ಜನರ ಮಾತನ್ನು ಪಕ್ಕದಲ್ಲಿಟ್ಟೆ.

ತೊಡಕು ಇರುವುದು ಉಗುರಿನಲ್ಲಿ. ಕೆಲವರಿಗೆ ಇದೇ ಕಾಯಿಲೆ ಉಗುರು ಹುಟ್ಟುವ ಬುಡವನ್ನೂ ತಟ್ಟುತ್ತದೆ. ಅಲ್ಲಲ್ಲಿ ಸರಿಯಾಗಿ ಬಲಿಯದ ಕಣಗಳು ಉಗುರು ಮುಂದೆ ಸರಿದಂತೆ ಉದುರಿಹೋಗಿ ಸಣ್ಣ ಸಣ್ಣ ತಗ್ಗುಗಳು ಉಳಿಯುತ್ತವೆ. ಸೋರಿಯಾಸಿಸ್‌ನಲ್ಲೂ ಹೀಗಾಗುತ್ತದೆ, ಆದರೆ ಅಲ್ಲಿ ತಗ್ಗುಗಳು ಸಾಮಾನ್ಯವಾಗಿ ಆಳ, ಅಡ್ಡಾದಿಡ್ಡಿ. ಇಲ್ಲಿ ಮೇಲುಮೇಲಿನವು, ಎಷ್ಟೋ ಸಲ ರಂಗೋಲಿಯ ಚುಕ್ಕಿಗಳಂತೆ ಸಾಲು ಹಿಡಿದಿರುತ್ತವೆ.

‘ಕುಳಿ ಉಗುರು’ ಎಂದು ಬರೆದೆ. ವೈದ್ಯರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಕಬ್ಬಿಣದ ಅಂಶ ಕಡಿಮೆಯಾದಾಗ ಇಡೀ ಉಗುರೇ ನಡುವೆ ತಗ್ಗಿ, ಅಂಚು ಮೇಲೆದ್ದು, ಹನಿ ನೀರು ನಿಲ್ಲುವಂತೆ ಚಮಚದ ಆಕಾರಕ್ಕೆ ಬರುತ್ತದೆಯಂತೆ. ಓದಿದವರು ಇದನ್ನು ಅದೆಂದೇ ತಿಳಿಯುತ್ತಾರೆ ಎಂದರು. ಒಪ್ಪಿದೆ. ಗುಳಿ ಎನ್ನೋಣವೆಂದರೆ ಅದು ಕೆನ್ನೆಗೆ ಸೇರಿದ ಚೆಲುವಿನ ಮಾತು. ತೂತು ಎಂದರೆ ಆಚೆ ಬದಿ ಕಾಣಬೇಕು. ಬರೀ ತಗ್ಗು ಎಂದರೆ ನಮ್ಮ ಕಡೆಯವರಿಗೆ ರಸ್ತೆಯೇ ಕಣ್ಣ ಮುಂದೆ ಬರುತ್ತದೆ. ಹೊಲಿಗೆ ಮಾಡುತ್ತಿದ್ದ ನಮ್ಮ ಅತ್ತೆಯನ್ನು ಕೇಳಿದೆ. ‘ಅಂಗುಷ್ತಾನದ ಹಾಗೆ’ ಎಂದುಬಿಟ್ಟರು. ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೊಪ್ಪಿ, ಮೈತುಂಬ ಸಾಲು ಚುಕ್ಕಿ. ಇದಕ್ಕಿಂತ ಹತ್ತಿರದ ಹೋಲಿಕೆ ಇಲ್ಲ, ಆದರೆ ಇಂದಿನ ಹುಡುಗರು ಅದನ್ನು ಕಂಡಿರಬೇಕಲ್ಲ? ಸದ್ಯಕ್ಕೆ ‘ಚುಕ್ಕಿಗುಳಿ’ ಎಂದಿಟ್ಟಿದ್ದೇನೆ.

ಇನ್ನೊಂದು ಬಗೆಯಲ್ಲಿ ಉಗುರು ಹೊಳಪು ಕಳೆದುಕೊಂಡು, ಉದ್ದುದ್ದ ಗೀರುಗಳೆದ್ದು, ಮರಳು ಕಾಗದದಿಂದ ಉಜ್ಜಿದಂತೆ ಒರಟಾಗುತ್ತದೆ. ಇಂಗ್ಲಿಷಿನವರು ಗ್ರೀಕಿನಿಂದ ತಂದ ಟ್ರಾಕಿಯೊನಿಕಿಯಾ ಎಂಬ ಪದಕ್ಕೂ ಒರಟು ಉಗುರು ಎಂದೇ ಅರ್ಥ. ಹುರುಪಿನಲ್ಲಿ ಸಂಧಿ ಮಾಡಿ ‘ಒರಟುಗುರು’ ಎಂದು ಬರೆದೆ. ಮನೆಯವರು ಓದಿ, ‘ನಿಮ್ಮ ಬಗ್ಗೆಯೇ ಬರೆದಿದ್ದೀರಾ?’ ಎಂದು ಕೇಳಿದರು. ಸಂಧಿ ಬಿಡಿಸಿದೆ. ಉರ್ದುವಿನಲ್ಲಿ ಮರಳು ಕಾಗದಕ್ಕೆ ರೇಗ್‌ಮಾಲ್ ಎನ್ನುತ್ತಾರೆ. ‘ರೇಗ್‌ಮಾಲ್ ಉಗುರು’ ಎಂದರೆ ಇಲ್ಲಿನ ಬಡಗಿಗಳಿಗಾದರೂ ಹೊಳೆದೀತೇ?

ಬಿದ್ರಿ ಕೆಲಸದವರ, ಅಕ್ಕಸಾಲಿಗರ ಒಡನಾಟವಿರುವವರು ಒಂದು ಉಪಕಾರ ಮಾಡಿ. ಲೋಹದ ಮೇಲೆ ಮೊನೆಯೂರಿ ಬಡಿದಾಗ ಮೂಡುವ ಸಣ್ಣ ತಗ್ಗಿಗೆ ಅವರಲ್ಲಿ ಪದವೊಂದು ಇದ್ದೇ ಇರುತ್ತದೆ, ಕೇಳಿ ತಿಳಿಸಿ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆಯಂತೆ. ನನ್ನ ಕರಪತ್ರ ಅದಕ್ಕಿಂತ ನಿಧಾನವಾಗಿ ಸಾಗಿದೆ ಎಂಬುದು ವೈದ್ಯರ ದೂರು.